ತೊಳೆದಿಟ್ಟ ಕಾಲು

ಪಲ್ಟಣದಲ್ಲಿ ಶನಿವಾರ ಬೆಳಿಗ್ಗೆ ಕಾಲು ತಪಾಸಣೆ ಇರುತ್ತಿತ್ತು. ಬಂದೂಕಿನ ತಪಾಸಣೆ ಎಂದರೆ ಊರಿನವರಿಗೆ ತಿಳಿಯುತ್ತದೆ. ಕಾಲಿನ ತಪಾಸಣೆ ಎಂದರೆ ನಗುತ್ತಾರೆ. ನಗುವಂಥದ್ದಲ್ಲ ಅದು. ಬೂಟು ಬಿಚ್ಚಬೇಕು, ಕಾಲುಚೀಲ ಮಡಚಿ ಬೂಟಿನ ಮೇಲಿಡಬೇಕು, ಬರಿಗಾಲು ಮುಂದೆ ಚಾಚಿ ಸಾಲಾಗಿ ಕೂಡಬೇಕು. ಸಾಹೇಬ ಕಂಕುಳಲ್ಲಿ ಬೆತ್ತ ಸಿಕ್ಕಿಸಿಕೊಂಡು ಬರುತ್ತಾನೆ. ಬೆರಳ ಸಂದಿ ನೋಡುತ್ತಾನೆ, ಹಿಮ್ಮಡ ನೋಡುತ್ತಾನೆ. ಉಗುರು ಬೆಳೆದಿದ್ದರೆ, ಸಂದಿಯಲ್ಲಿ ಹುಣ್ಣಿದ್ದರೆ, ಬೂಟು ಕಚ್ಚಿದ ಗುಳ್ಳೆಯನ್ನು ಮುಚ್ಚಿಟ್ಟಿದ್ದರೆ ಶಿಕ್ಷೆ. ಕಾಲು ನಿನ್ನದಲ್ಲ, ಸರಕಾರದ್ದು; ಅದನ್ನು ಕೆಡಿಸಿಕೊಂಡವನು ಸರಕಾರದ ಸಾಮಾನು ಕೆಡಿಸಿದವನು. ಹೀಗೆ ನಮಗೆ ಕಲಿಸಿದ್ದರು. ನಾವೂ ಹಾಗೇ ನಂಬಿದ್ದೆವು.

ನಾನು ಹವಾಲ್ದಾರನಾದ ಮೇಲೆ ಸಾಹೇಬ ಬರುವ ಮೊದಲು ಆ ಸಾಲನ್ನು ನಾನು ನೋಡುತ್ತಿದ್ದೆ. ಟಿಕೋಟಾದ ಲಾನ್ಸ್ ನಾಯಕನ ಮುಂದೆ ಮಾತ್ರ ನಿಲ್ಲುತ್ತಿರಲಿಲ್ಲ. ನಿಂತು ನೋಡುವ ಅಗತ್ಯವೇ ಇರಲಿಲ್ಲ. ಪಿಂಜಾರರ ಮನೆಯವನು. ಹತ್ತಿ ಹಿಂಜುವ ಮನೆತನದಲ್ಲಿ ಹುಟ್ಟಿದವನಿಗೆ ಕಸ ಕಂಡರೆ ಆಗುವುದಿಲ್ಲ ಎಂದು ಅವನೇ ಹೇಳುತ್ತಿದ್ದ. ಅವನ ಕಾಲು ತೊಳೆದಿಟ್ಟ ತಟ್ಟೆಯಂತೆ ಇರುತ್ತಿತ್ತು. ನಾನು ವಿಜಾಪುರದ ಜೋರಾಪುರ ಪೇಟೆಯವನು, ಅವನು ಟಿಕೋಟಾದವನು. ಅಷ್ಟು ದೂರದ ನಾಡಿನಲ್ಲಿ ನಮ್ಮ ಮಾತು ಆಡುವವರು ನಾವಿಬ್ಬರೇ. ಹುದ್ದೆಯಲ್ಲಿ ನಾನು ಮೇಲೆ, ಉಳಿದದ್ದರಲ್ಲಿ ಸರಿಸಮ.

ನಮ್ಮದು ರಸ್ತೆ ಕಡಿಯುವ, ಸೇತುವೆ ಕಟ್ಟುವ ಪಲ್ಟಣ. ಕಾಶ್ಮೀರದ ಒಂದು ಹಳ್ಳದಲ್ಲಿ ಸೇತುವೆಯ ಕೆಲಸ ನಡೆದಿತ್ತು. ಹಿಮ ಕರಗಿದ ನೀರು. ಅವನ ತುಕಡಿಗೆ ನೀರಿನಲ್ಲಿ ನಿಂತು ಕಲ್ಲು ಸಾಗಿಸುವ ಹುಕುಂ ಆಯಿತು. ಬೆಳಗಿನಿಂದ ಸಂಜೆವರೆಗೆ ನಿಂತರು. ಮರುದಿನ ಅವನ ಬಲಗಾಲಿನ ಬೆರಳುಗಳು ಇದ್ದಲಿನಂತಾಗಿದ್ದವು. ಡೇರೆಯ ಆಸ್ಪತ್ರೆಗೆ ನಾನೇ ಹೊತ್ತುಕೊಂಡು ಹೋದೆ. ಅಲ್ಲಿನ ಸಾಹೇಬ ಕಾಲು ನೋಡಿ ಮುಖ ಗಂಟಿಕ್ಕಿದ. "ಕಾಲು ಸರಿಯಾಗಿ ಇಟ್ಟುಕೊಂಡಿಲ್ಲ. ತಪ್ಪು ನಿನ್ನದೇ," ಎಂದ, ಹಿಂದೂಸ್ತಾನಿಯಲ್ಲಿ. ಇವನು ಮಲಗಿದಲ್ಲೇ ಕೈ ಎರಡೂ ಬದಿಗೆ ಅಂಟಿಸಿ "ಜೀ ಸಾಬ್" ಎಂದ. ನೀರಿನಲ್ಲಿ ನಿಲ್ಲಿಸಿದ ಹುಕುಂ ಯಾರದು ಎಂದು ಹೇಳಲಿಲ್ಲ. ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಬೆರಳುಗಳನ್ನು ತೆಗೆದರು, ಪಾದದ ಮುಂಭಾಗವನ್ನೂ ಅಷ್ಟು ತೆಗೆದರು. ಸೈನ್ಯದಿಂದ ಮನೆಗೆ ಕಳಿಸಿದರು.

ನಾನು ನನ್ನ ಅವಧಿ ಮುಗಿಸಿ ಊರಿಗೆ ಬಂದು ಒಂದು ಸಾಲೆಯಲ್ಲಿ ಡ್ರಿಲ್ ಮಾಸ್ತರನಾದೆ. ಸೂರ್ಯ ಹುಟ್ಟುವ ಮೊದಲು ಏಳುವುದು, ಗಡ್ಡ, ಸ್ನಾನ, ಬೂಟಿಗೆ ಪಾಲಿಶ್. ಪಲ್ಟಣದಲ್ಲಿ ಹೇಗೋ ಮನೆಯಲ್ಲೂ ಹಾಗೇ. ನನ್ನ ಹೆಂಡತಿ ಹಾಸಿಗೆ ಮಡಚುವುದರಲ್ಲಿ ನಾನು ತಪ್ಪು ಹುಡುಕುತ್ತೇನೆಂದು ಓಣಿಗೆಲ್ಲ ಹೇಳಿದ್ದಳು. ಅವನು ಟಿಕೋಟಾದಲ್ಲಿ ಅಪ್ಪನ ಹಳೆಯ ಬಿಲ್ಲು ಇಳಿಸಿಕೊಂಡು ಕೂತು ಹತ್ತಿ ಹಿಂಜುತ್ತಿದ್ದ, ಗಾದಿ ತುಂಬುತ್ತಿದ್ದ. ಅವನ ಹೆಂಡತಿ ಬಬಲೇಶ್ವರದ ಹೆಣ್ಣು. ಅಲ್ಲಿ ಅವಳ ಅಣ್ಣನೂ ಅದೇ ಕಸುಬಿನವನು. ಗಾದಿ ಹೊಲಿಯುವುದು, ಹೊತ್ತು ತಿರುಗಿ ಮಾರುವುದು ಅವಳ ಪಾಲಿಗೆ.

ಆ ಕಾಲು ಪೂರ್ತಿ ಮಾಯುವ ಕಾಲಲ್ಲ. ಒಳಗೆ ಎಲುಬು ಕೆಟ್ಟಿತ್ತು. ಕೆಲವು ತಿಂಗಳು ಹುಣ್ಣು ಮುಚ್ಚಿಕೊಂಡಿರುತ್ತಿತ್ತು, ಆಮೇಲೆ ಮಳೆಗಾಲದಲ್ಲಿ ತಾನೇ ಬಾಯಿ ತೆರೆದು ಕೀವು ಸೋರುತ್ತಿತ್ತು. ಆಗ ಅವನು ಬೆಳಗಾವಿಯ ಮಿಲಿಟರಿ ಆಸ್ಪತ್ರೆಗೆ ಹೋಗಿ ಮಲಗುತ್ತಿದ್ದ. ಅಲ್ಲಿ ಎಲುಬು ಕೆರೆದು ಶುದ್ಧ ಮಾಡಿ, ಪೆನಿಸಿಲಿನ್ ಚುಚ್ಚಿ, ಹುಣ್ಣು ಒಣಗಿದ ಮೇಲೆ ಕಳಿಸುತ್ತಿದ್ದರು. ಪುಣೆಯಲ್ಲಿ ಅವನ ಅಳತೆಗೆ ಒಂದು ಬೂಟು ಮಾಡಿಕೊಟ್ಟಿದ್ದರು. ಬೆರಳಿಲ್ಲದ ಜಾಗಕ್ಕೆ ಒಳಗೆ ಮೆತ್ತೆ ಇರುವ ಬೂಟು. ಅದು ಸವೆದರೆ ಇನ್ನೊಂದು ಕೊಡುತ್ತಿದ್ದರು. ಆ ಬೂಟು, ಬೆಳಗಾವಿಯ ಆ ಹಾಸಿಗೆ ಇವೆರಡರ ಮೇಲೆ ಅವನು ನಡೆದಾಡುತ್ತಿದ್ದ. ಎರಡೂ ಅಂಗವಿಕಲ ಪಿಂಚಣಿಗೆ ಕಟ್ಟಿಹಾಕಿದ ಸವಲತ್ತುಗಳು. ಪಿಂಚಣಿ ಇರುವ ತನಕ ಆ ಕಾಲು ಸರಕಾರದ್ದು. ಪಿಂಚಣಿ ನಿಂತರೆ ಕಾಲು ಅವನದು, ಅವನ ಹಣೆಬರಹದ್ದು.

ಐವತ್ತರ ದಶಕ ಮುಗಿಯುತ್ತ ಬಂದಾಗ ವಿಜಾಪುರದ ಸೈನಿಕರ ಕಚೇರಿಯಿಂದ ಅವನಿಗೆ ಕರೆ ಬಂತು. ನಾನೂ ಜೊತೆಗೆ ಹೋದೆ. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಕಚೇರಿಯಲ್ಲಿ ಅರ್ಧ ಕಾಗದ ಮರಾಠಿ, ಅರ್ಧ ಇಂಗ್ಲಿಷು; ಗುಮಾಸ್ತನ ಕನ್ನಡ ಮಾತ್ರ ಅಚ್ಚ ನಮ್ಮದು. ಅವನು ತಂಬಾಕು ತಿಕ್ಕುತ್ತ ಹೇಳಿದ.

"ನಿಮ್ಮ ಪಿಂಚಣಿ ಮುದ್ದತ್ತು ಮುಗದೈತ್ರಿ. ಡಾಕ್ಟರ ಬೋರ್ಡು ಮತ್ತ ನೋಡತೈತಿ. ಮಿಲಿಟರಿ ಡಾಕ್ಟರು ಇಲ್ಲೇ ದೊಡ್ಡ ದವಾಖಾನಿಗೆ ಬರ್ತಾರ. ಅವತ್ತ ಕಾಲು ತಗೊಂಡು ಬರ್ರಿ."

"ಕಾಲು ಬಿಟ್ಟು ಹೆಂಗ ಬರಲ್ರಿ?" ಎಂದ ನಾಯಕ.

"ಹಂಗಲ್ಲೋ ಮಾರಾಯಾ. ಕಾಲಿನ ತ್ರಾಸ ತಗೊಂಡು ಬಾ ಅಂದೆ."

"ಅದೂ ಸಂಗಾಟನ ಇರತೈತ್ರಿ. ಮನಿ ನಾಯಿ ಇದ್ದಂಗ."

ಇಬ್ಬರೂ ನಕ್ಕರು. ನಾನು ಗುಮಾಸ್ತನನ್ನು ಕೇಳಿದೆ: ಬೋರ್ಡು ಏನು ನೋಡುತ್ತದೆ? ಅವನು ಸರಿಯಾಗೇ ಹೇಳಿದ. ಅಂಗದ ಊನ ಇಂತಿಷ್ಟು ಎಂದು ಡಾಕ್ಟರರು ಬರೆಯಬೇಕು. ಗೊತ್ತುಮಾಡಿದ ಮಿತಿಗಿಂತ ಕಡಿಮೆ ಬರೆದರೆ ಪಿಂಚಣಿ ನಿಲ್ಲುತ್ತದೆ. ಬರಿ ಬೆರಳು ಹೋದದ್ದಕ್ಕೆ ಅಷ್ಟು ಸಿಗುವುದಿಲ್ಲ. ಹುಣ್ಣು ಹರಿಯುತ್ತಿರುವುದಕ್ಕೆ ಸಿಗುತ್ತದೆ. ನಾಯಕ ಗೋಣು ಹಾಕಿದ. ನಾನು ಸಾಲೆಯ ಹೊತ್ತಾಯಿತೆಂದು ಹೊರಟೆ. ಅವನು ಬಸ್ಸು ಹತ್ತಿದ.

ಬೋರ್ಡಿನ ದಿನದವರೆಗೆ ನಾವು ಭೇಟಿಯಾಗಲಿಲ್ಲ. ಟಿಕೋಟಾದಿಂದ ಬಂದವರನ್ನು ವಿಚಾರಿಸಿದರೆ ಅವನು ಹೆಂಡತಿಯ ತವರು ಬಬಲೇಶ್ವರಕ್ಕೆ ಹೋಗಿದ್ದಾನೆ, ಹಿಂಜುವ ಕೆಲಸ ಬಿಟ್ಟು ಅಲ್ಲೇ ಇದ್ದಾನೆ ಎಂದರು. ಕಾಲಿನ ಹುಣ್ಣು ಜೋರಾಗಿರಬೇಕು ಎಂದುಕೊಂಡೆ. ಬೋರ್ಡಿನ ಮಟ್ಟಿಗೆ ಅದು ಒಳ್ಳೆಯದೇ.

ಆ ಬೆಳಿಗ್ಗೆ ಗಂಡ ಹೆಂಡತಿ ಮೊದಲ ಬಸ್ಸಿಗೆ ಬಂದರು. ನಮ್ಮ ಪಡಸಾಲೆಗೆ ಬಂದವನನ್ನು ನೋಡಿ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಇಸ್ತ್ರಿ ಮಾಡಿದ ಖಾಕಿ, ಎದೆಯ ಮೇಲೆ ಪದಕ, ಹೊಸದಾಗಿ ಬೋಳಿಸಿದ ಗಡ್ಡ. ಕೂತು ಬೂಟು ಬಿಚ್ಚಿದ, ಕಾಲುಚೀಲ ಮಡಚಿ ಬೂಟಿನ ಮೇಲಿಟ್ಟ, ಕಾಲು ಚಾಚಿದ.

"ಹವಾಲ್ದಾರ ಸಾಬ್, ಕಾಲು ತಪಾಸಣಿಗಿ ತಯ್ಯಾರ!"

ಬಿಳಿ ಹತ್ತಿಯ ಒಂದು ಪದರು. ಅದನ್ನೂ ತಾನೇ ಎತ್ತಿ ತೋರಿಸಿದ. ಕೆಳಗೆ ಹುಣ್ಣಿರಲಿಲ್ಲ. ತೆಳ್ಳಗಿನ, ಗುಲಾಬಿ ಬಣ್ಣದ ಹೊಸ ಚರ್ಮ ಇತ್ತು. ಮೊಂಡು ಪಾದಕ್ಕೆ ಎಣ್ಣೆ ಹಚ್ಚಿ ಒರೆಸಿದ್ದರು. ಅದು ಮಿಂಚುತ್ತಿತ್ತು.

"ಹುಣ್ಣ ಎಲ್ಲೈತೋ?"

"ಮುಚ್ಚೈತ್ರಿ! ಬಬಲೇಶ್ವರದಾಗ ಕಾಲ ನೆಲಕ್ಕ ಇಟ್ಟಿಲ್ಲ ನಾ."

"ಖರೇನ ಅಣ್ಣಾ," ಎಂದಳು ಅವನ ಹೆಂಡತಿ, ಬಾಗಿಲಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತ. "ಮದಲಿಂಗ ಕುಂತಂಗ ಕುಂತಿದ್ದ, ದಿಂಬಿನ ಮ್ಯಾಲ ಕಾಲ ಇಟ್ಕೊಂಡು. ನಮ್ಮಣ್ಣ ದಿನಾ ಹೊಸಾ ಹತ್ತಿ ಹಿಂಜಿ ಕೊಡತಿದ್ದ. ನಾ ಬೇವಿನ ತೊಪ್ಪಲಾ ಕುದಿಸಿ ತೊಳದಿದ್ದ ತೊಳದಿದ್ದು. ನನ್ನ ಮದಿವ್ಯಾಗೂ ಯಾರೂ ನನಗ ಇಷ್ಟ ತೊಳದಿಲ್ಲ ಬಿಡ್ರಿ."

"ಲೇ ಹುಚ್ಚಾ," ಎಂದೆ. "ಇವತ್ತ ಅವರಿಗೆ ತೋರಸೂದು ಏನ?"

"ಕಾಲ್ರಿ."

"ಕಾಲಲ್ಲೋ, ಹುಣ್ಣ! ಗುಮಾಸ್ತ ಅಷ್ಟ ಬಿಡಿಸಿ ಹೇಳಿದ್ನಲ್ಲ."

ಅವನ ಮುಖ ಇಳಿಯಿತು. ಸಿಟ್ಟೂ ಬಂತು.

"ಮತ್ತ ಸಾಹೇಬ್ರ ಮುಂದ ಹೊಲಸ ಕಾಲ ಚಾಚಲೇನ್ರಿ? ಹಿಂದ ಒಮ್ಮಿ ಚಾಚಿದಾಗ ಏನಂದ್ರು, ಮರತ್ರೇನ? ನೀವ ಹೊತ್ಕೊಂಡು ಹೋಗಿದ್ರಿ. ನಿಮ್ಮ ಕಿವೀಲೇ ಕೇಳೀರಿ."

ಮರೆತಿರಲಿಲ್ಲ. ಆದರೆ ಅಷ್ಟು ವರ್ಷ ಅವನು ಆ ಮಾತನ್ನು ಎದೆಯಲ್ಲಿ ಹೀಗೆ ಇಟ್ಟುಕೊಂಡಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಪಿಂಚಣಿಗಾಗಿ ತಯಾರಾಗಿ ಬಂದಿರಲಿಲ್ಲ. ಡೇರೆಯ ಆ ಸಾಹೇಬನಿಗೆ ಉತ್ತರ ಕೊಡಲು ಬಂದಿದ್ದ.

ನನ್ನ ಹೆಂಡತಿ ರೊಟ್ಟಿ, ಚಹಾ ತಂದಿಟ್ಟಳು. ಯಾರೂ ಸರಿಯಾಗಿ ತಿನ್ನಲಿಲ್ಲ. ಟಾಂಗಾ ಕರೆಯುವ ಬದಲು ನಡೆದುಕೊಂಡೇ ಹೋಗೋಣ ಎಂದೆ, ಸ್ಟೇಷನ್ ರಸ್ತೆಯ ಮೇಲೆ ಹಾಯ್ದು, ಸುತ್ತು ಹಾಕಿ. ಅವನ ಹೆಂಡತಿಗೆ ತಟ್ಟನೆ ತಿಳಿಯಿತು.

"ಹೌದ ಅಣ್ಣಾ, ನಡಸ್ರಿ, ಚೊಲೋತಂಗ ನಡಸ್ರಿ. ಹುಣ್ಣ ಒಡದರ ಬೇಶ."

"ಗಂಡನ ಹುಣ್ಣ ಒಡೀಲಿ ಅಂತ ಬೇಡಕೊಳ್ಳಾಕಿ ಈ ಜಿಲ್ಲಾದಾಗ ನೀ ಒಬ್ಬಾಕೀನ ನೋಡ," ಎಂದ ನಾಯಕ.

"ಒಡೀಬೇಕಾದಾಗ ಒಡಿಯಂಗಿಲ್ಲ. ನಿನ್ನಂಗನ ಐತಿ ಅದೂ."

ನಡೆದೆವು. ಅಂಗಡಿಗಳು ಆಗ ತಾನೇ ಬಾಗಿಲು ತೆಗೆಯುತ್ತಿದ್ದವು. ಅವನು ಕುಂಟುತ್ತಾನೆಂದು ನಾನು ನೋಡುತ್ತಿದ್ದರೆ, ಜನ ನೋಡುತ್ತಿದ್ದಾರೆಂದು ಅವನು ಎದೆ ಎತ್ತಿ ಹೆಜ್ಜೆ ಹಾಕುತ್ತಿದ್ದ. ಸ್ಟೇಷನ್ನಿನ ಹತ್ತಿರ ಬೇವಿನ ಗಿಡದ ಕೆಳಗೆ ಕೂರಿಸಿ ಪಟ್ಟಿ ತೆಗೆದು ನೋಡಿದೆ. ಹತ್ತಿ ಬೆಳ್ಳಗೇ ಇತ್ತು. ಮತ್ತೆ ನಡೆದೆವು. ದವಾಖಾನೆಯ ಮೆಟ್ಟಿಲಿಗೆ ಬಂದು ಇನ್ನೊಮ್ಮೆ ನೋಡಿದೆ. ಬೆಳ್ಳಗೇ ಇತ್ತು.

ಒಳಗೆ ಗೋಡೆಗುಂಟ ಇಟ್ಟ ಮರದ ಬಾಂಕಿನ ಮೇಲೆ ನಮ್ಮಂಥವರೇ ಕೂತಿದ್ದರು. ಅರಕೇರಿಯ ಕಡೆಯ ಒಬ್ಬ ಮಾಸಿದ ಪಟ್ಟಿ ಸುತ್ತಿಕೊಂಡು, ನೊಣ ಓಡಿಸದೆ, ಆಗಾಗ ನರಳುತ್ತ ಕೂತಿದ್ದ. ನಾಯಕ ನನ್ನ ಕಿವಿಯಲ್ಲಿ ಹೇಳಿದ: "ನೋಡ್ರಿ, ಹಿಂಗ ಬರೂದಾ? ಪಲ್ಟಣದ ಮಾನ ಕಳೀತಾನ."

"ಅವ ಶಾಣ್ಯಾ," ಎಂದೆ. "ಈಗ ನನ್ನ ಮಾತ ಕೇಳ. ಸುಳ್ಳ ಹೇಳಬ್ಯಾಡ. ಇದ್ದದ್ದು ಹೇಳ. ತ್ರಾಸ ಏನೈತಿ ಅಂತ ಕೇಳತಾರ. ಮಳಿಗಾಲಕ್ಕ ಒಡೀತೈತಿ, ಕೀವ ಸೋರತೈತಿ, ಎಲುಬ ಸೆಳಿತೈತಿ. ಏನ ಹೇಳತಿ?"

"ಮಳಿಗಾಲಕ್ಕ ಒಡೀತೈತಿ, ಕೀವ ಸೋರತೈತಿ, ಎಲುಬ ಸೆಳಿತೈತಿ."

"ಬೆಳಗಾವಿಗೆ ಹೋಗಿ ಮಲಗಿದ್ದು?"

"ಹೇಳತೀನ್ರಿ. ಎಲ್ಲಾ ಹೇಳತೀನಿ."

ಅವನನ್ನು ಒಳಗೆ ಕರೆದರು. ಬಾಗಿಲಿಗೆ ಹಸಿರು ಪರದೆ ಇತ್ತು. ನಾನು ಅದರ ಹೊರಗೆ ನಿಂತೆ. ಬೂಟು ನೆಲಕ್ಕೆ ಅಪ್ಪಳಿಸಿದ ಸಪ್ಪಳ ಕೇಳಿತು. ಆ ಮೊಂಡು ಕಾಲನ್ನೇ ಎತ್ತಿ ಅಪ್ಪಳಿಸಿ ಸಾವಧಾನ ನಿಂತಿದ್ದ. ಆಮೇಲೆ ಬೂಟು ಬಿಚ್ಚುವ ಹೊತ್ತು. ಆಮೇಲೆ ಮಿಲಿಟರಿ ಡಾಕ್ಟರ ದನಿ, ಎಳೆಯ ದನಿ:

"ಕೋಯೀ ತಕಲೀಫ್?"

"ಕೋಯೀ ತಕಲೀಫ್ ನಹೀಂ, ಸಾಬ್!"

ಕಿಟಕಿಯ ಗಾಜು ಅದುರುವಂತೆ ಹೇಳಿದ. ಏನಾದರೂ ತೊಂದರೆಯೇ ಎಂದು ಸಾಹೇಬ ಕೇಳುತ್ತಾನೆ, ಇಲ್ಲ ಎಂದು ಜವಾನ ಹೇಳುತ್ತಾನೆ. ಊಟದ ಬಗ್ಗೆ ಕೇಳಿದರೂ ಇಲ್ಲ, ರಜೆಯ ಬಗ್ಗೆ ಕೇಳಿದರೂ ಇಲ್ಲ, ಜ್ವರ ಬಂದು ಮೈ ಸುಡುತ್ತಿದ್ದರೂ ಇಲ್ಲ. ಆ ಪ್ರಶ್ನೆಗೆ ಇನ್ನೊಂದು ಉತ್ತರ ಇದೆ ಎಂದು ನಮಗೆ ಯಾರೂ ಕಲಿಸಿರಲಿಲ್ಲ. ನಾನು ಬಾಂಕಿನ ಮೇಲೆ ಕಲಿಸಿದ್ದು ಪಾವು ಗಂಟೆಯ ಪಾಠ. ಅದು ಹತ್ತಾರು ವರ್ಷದ ಕವಾಯತಿನ ಮುಂದೆ ನಿಲ್ಲಲಿಲ್ಲ.

"ಶಾಬಾಸ್, ಜವಾನ್. ಪಾಂವ್ ಬಹುತ್ ಅಚ್ಛಾ ರಖಾ ಹೈ."

ಹೊರಗೆ ಬಂದವನ ಕಣ್ಣು ಒದ್ದೆಯಾಗಿತ್ತು. "ಕೇಳಿದ್ರೇನ್ರಿ ಹವಾಲ್ದಾರ ಸಾಬ್? ಕಾಲು ಭಾಳ ಚೊಲೋ ಇಟ್ಕೊಂಡಿ ಅಂದ್ರು. ಶಾಬಾಸ್ ಅಂದ್ರು."

"ಏನಾತು?" ಎಂದು ಹೆಂಡತಿ ಎದ್ದು ಬಂದಳು.

"ಪಾಸಾದೆ."

ಅವಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಅಂಗಳದ ಗಿಡದ ಕಡೆ ನೋಡಿದೆ.

ಫಲಿತಾಂಶ ಬರಲು ಕೆಲವು ತಿಂಗಳು ಹಿಡಿಯಿತು. ಹುಣ್ಣು ಮಾಯ್ದಿದೆ, ತೊಂದರೆ ಇಲ್ಲವೆಂದು ಸ್ವತಃ ಹೇಳಿದ್ದಾನೆ, ಊನ ಮಿತಿಗಿಂತ ಕಡಿಮೆ. ಪಿಂಚಣಿ ನಿಂತಿತು. ಮೃಗಶಿರಾ ಮಳೆಗೆ ಕಾಲು ಒಡೆಯಿತು.

ಬೆಳಗಾವಿಗೆ ಕರೆದುಕೊಂಡು ಹೋದೆ. ಅವನಿಗೆ ಆ ಗೇಟು ಮನೆಯ ಬಾಗಿಲಿದ್ದಂತೆ. ಪಹರೆಯವನಿಗೆ ನಗುತ್ತ ಸಲಾಮು ಹೊಡೆದ. ಒಳಗಿನ ನರ್ಸಿಂಗ್ ಹವಾಲ್ದಾರ ಹಳೆಯ ಪರಿಚಯದವನು. ಗೇಟಿನ ತನಕ ಬಂದ. ಕಾಲು ನೋಡಿ ತುಟಿ ಕಚ್ಚಿದ. ಕಾಗದ ಕೇಳಿದ. ಕಾಗದ ಓದಿ ಹಿಂದೆ ಕೊಟ್ಟ. ಈ ಕಾಲಿಗೆ ಇನ್ನು ಇಲ್ಲಿ ಹಾಸಿಗೆ ಇಲ್ಲ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಗೇಟಿನಲ್ಲೇ ಕೂರಿಸಿ, ಒಳಗಿನಿಂದ ಔಷಧ ತಂದು ತನ್ನ ಕೈಯಿಂದ ಪಟ್ಟಿ ಕಟ್ಟಿದ. ಅಷ್ಟಕ್ಕೇ ಅವನು ಸುತ್ತಮುತ್ತ ನೋಡಬೇಕಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ನಾಯಕ ಆ ಪಟ್ಟಿಯನ್ನೇ ನೋಡುತ್ತ ಕೂತಿದ್ದ. ಅಥಣಿ ದಾಟಿದ ಮೇಲೆ ಒಮ್ಮೆ, "ಪಟ್ಟಿ ಭಾಳ ಚಂದ ಕಟ್ಟಿದ ನೋಡ್ರಿ," ಎಂದ.

ನಾನು ಅಪೀಲು ಬರೆಸಿದೆ. ಸಾಲೆ ಮುಗಿದ ಮೇಲೆ ಸೈನಿಕರ ಕಚೇರಿಗೆ ಹೋಗುವುದು ನನ್ನ ದಿನಚರಿಯಲ್ಲಿ ಸೇರಿಹೋಯಿತು. ಗುಮಾಸ್ತ ಒಳ್ಳೆಯವನು. ಕುರ್ಚಿ ಕೊಡುತ್ತಿದ್ದ, ನೀರು ಕೊಡುತ್ತಿದ್ದ. "ಹೋಗೈತ್ರಿ, ಮ್ಯಾಲ ಹೋಗೈತಿ," ಎನ್ನುತ್ತಿದ್ದ. ಮೇಲೆ ಎಂದರೆ ಎಲ್ಲಿ ಎಂದು ಒಂದು ದಿನ ಕೇಳಿದೆ. ಅವನು ತಂಬಾಕಿನ ಕೈಯಿಂದ ಚಾವಣಿ ತೋರಿಸಿದ. ತಮಾಷೆಗಲ್ಲ, ಅವನಿಗೂ ಗೊತ್ತಿರಲಿಲ್ಲ.

ಟಿಕೋಟಾದ ಸರಕಾರಿ ದವಾಖಾನೆಯಲ್ಲಿ ಕೆಂಪು ಔಷಧ ಇತ್ತು. ಪೆನಿಸಿಲಿನ್ ಬರಬೇಕಾಗಿತ್ತು. ಬಂದಾಗ ಕಂಪೌಂಡರ ಹೇಳಿಕಳಿಸುತ್ತಿದ್ದ, ಇವನು ಹೋಗುವಷ್ಟರಲ್ಲಿ ಮುಗಿದಿರುತ್ತಿತ್ತು. ಪುಣೆಯ ಬೂಟು ಒಂದು ಬದಿ ಹರಿಯಿತು. ಬಬಲೇಶ್ವರದಲ್ಲಿದ್ದ ಹೆಂಡತಿಯ ಅಣ್ಣ ಹತ್ತಿ ಹಿಂಜಿ ಒಳಗೆ ತುಂಬಿಕೊಟ್ಟ. ಕೀವು ಹತ್ತಿಗೆ ಅಂಟಿ ಸಂಜೆಗೆ ಕಲ್ಲಾಗುತ್ತಿತ್ತು. ಎರಡನೆಯ ವರ್ಷ ಮೊಣಕಾಲಿನವರೆಗೆ ಬಾವು ಏರಿತು. ಜ್ವರದಲ್ಲಿ ಅವನನ್ನು ಚಕ್ಕಡಿಯಲ್ಲಿ ಹಾಕಿ ರಸ್ತೆಗೆ ತಂದು, ಅಲ್ಲಿಂದ ಬಸ್ಸಿನಲ್ಲಿ ವಿಜಾಪುರಕ್ಕೆ ತಂದರು. ಅದೇ ದೊಡ್ಡ ದವಾಖಾನೆ. ಡಾಕ್ಟರು ನೋಡಿದೊಡನೆ ಹೇಳಿದರು, ಮೊಣಕಾಲಿನ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಮೇಲೆ ತೆಗೆಯಬೇಕು.

ಒಳಗೆ ಒಯ್ಯುವ ಮೊದಲು ಅವನು ಹೆಂಡತಿಯನ್ನು ಹತ್ತಿರ ಕರೆದ.

"ಕಾಲ ಒಂದೀಟ ತೊಳದ ಕೊಡ. ಡಾಕ್ಟರ ಮುಂದ ಹಿಂಗ ಬ್ಯಾಡ."

ಅವಳು ಅಲ್ಲಿಯತನಕ ಅತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದವಳು ಒಮ್ಮೆಲೇ ದನಿ ಏರಿಸಿದಳು. "ತೊಳದ ತೊಳದನ ಕಳಕೊಂಡೀವಿ. ಇನ್ನ ತೊಳಿಯಂಗಿಲ್ಲ ನಾ. ಹಂಗ ಹೋಗಲಿ ಅದು."

ಅವನು ಕಣ್ಣು ಮುಚ್ಚಿದ. ನಾನು ನೀರು ತರಿಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ಯಾರಾದರೂ ಒರೆಸಲೇಬೇಕಾಗಿತ್ತು.

ಕಾಲು ಹೋದ ಮರುವರ್ಷವೇ ಚೀನಾದೊಡನೆ ಯುದ್ಧ ಬಂತು. ಊರಿಗೆ ಊರೇ ಸೈನಿಕರ ಮಾತಾಡತೊಡಗಿತು. ಸ್ಟೇಷನ್ ರಸ್ತೆಯಲ್ಲಿ ಮೇಜು ಹಾಕಿ ರಕ್ಷಣಾ ನಿಧಿ ಕೂಡಿಸಿದರು. ಹೆಂಗಸರು ಬಳೆ ಬಿಚ್ಚಿ ಕೊಟ್ಟರು. ನಮ್ಮ ಸಾಲೆಯ ಮಕ್ಕಳಿಂದ ನಾನು ಕವಾಯತು ಮಾಡಿಸಿದೆ. ಸಭೆ ಮಾಡಿದ ಮುಖಂಡರು ನಾಯಕನನ್ನು ಟಿಕೋಟಾದಿಂದ ಕರೆಸಿ, ಊರುಗೋಲಿನ ಸಮೇತ ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿದರು. ಒಬ್ಬ ಮುಖಂಡರು ಬಾಗಿ, ಜನಕ್ಕೆಲ್ಲ ಕೇಳುವಂತೆ ಕೇಳಿದರು: "ವೀರ ಜವಾನರ, ಕಾಲು ಎಲ್ಲಿ ಕಳಕೊಂಡ್ರಿ? ಯಾವ ರಣಾಂಗಣದಾಗ?"

"ಇಲ್ಲೇರಿ. ನಿಮ್ಮ ದೊಡ್ಡ ದವಾಖಾನ್ಯಾಗ."

ಮುಂದಿನ ಸಾಲು ನಕ್ಕಿತು. ಹಿಂದಿನವರಿಗೆ ಕೇಳಿಸದೆ ಚಪ್ಪಾಳೆ ತಟ್ಟಿದರು. ಮುಖಂಡರು ಬೇಗನೆ ಹಾರ ಹಾಕಿ ಮುಂದಿನ ಭಾಷಣಕ್ಕೆ ಹೋದರು. ಶಾಲನ್ನು ಅವನ ಹೆಂಡತಿ ಒಂದು ಗಾದಿಯ ಮೇಲ್ಹೊದಿಕೆಗೆ ಹೊಲಿದು ಮಾರಿದಳು.

ಅಪೀಲಿಗೆ ಉತ್ತರ ಬಂದದ್ದು ಯುದ್ಧ ಮುಗಿದು ಬಹಳ ದಿನಗಳ ಮೇಲೆ. ಮತ್ತೆ ಬೋರ್ಡು, ಮತ್ತೆ ಅದೇ ದವಾಖಾನೆ, ಅದೇ ಹಸಿರು ಪರದೆ. ಈ ಸಲ ಸಿಗಬೇಕಾದದ್ದು ಹೆಚ್ಚಿನದು: ಪಿಂಚಣಿ ಮರಳಿದರೆ ಪುಣೆಯಲ್ಲಿ ಕೃತಕ ಕಾಲು ಕೂರಿಸುತ್ತಾರೆ. ಕಾಲು ಬಂದರೆ ಅವನು ನಿಂತು ಗಾದಿ ಹೊರಬಲ್ಲ; ಹೆಂಡತಿ ಒಬ್ಬಳೇ ಊರೂರು ತಿರುಗುವುದು ತಪ್ಪುತ್ತದೆ. ಅವಳ ಬೆನ್ನು ಆಗಲೇ ಬಾಗಿತ್ತು.

ನನಗೂ ಒಳಗೆ ಬರಲು ಬಿಟ್ಟರು. ಈ ಬಾರಿಯ ಮಿಲಿಟರಿ ಡಾಕ್ಟರು ತಲೆ ನರೆತವರು, ಕನ್ನಡಕದವರು. ಎದ್ದು ತಾವೇ ಸ್ಟೂಲು ಸರಿಸಿ ನಾಯಕನನ್ನು ಕೂರಿಸಿದರು. ಕತ್ತರಿಸಿದ ಕಾಲನ್ನು ಮೃದುವಾಗಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, ತೊಂದರೆ ಏನಾದರೂ ಇದೆಯೇ ಎಂದು.

ಕೂತಲ್ಲೇ ಅವನ ಬೆನ್ನು ನೆಟ್ಟಗಾಯಿತು, ಕೈ ಎರಡೂ ಬದಿಗೆ ಅಂಟಿದವು. ಆ ಹಳೆಯ ಉತ್ತರ ಗಂಟಲಿನ ತನಕ ಬಂದದ್ದು ನನಗೆ ಕಾಣಿಸುತ್ತಿತ್ತು. ಅದನ್ನು ನುಂಗಿದ. ಆಮೇಲೆ ಹಿಂದೂಸ್ತಾನಿ ಬಿಟ್ಟು ನಮ್ಮ ಮಾತಿನಲ್ಲೇ ಹೇಳತೊಡಗಿದ.

"ಐತ್ರಿ, ಸಾಹೇಬ್ರ. ತ್ರಾಸ ಐತಿ. ಅವತ್ತೂ ಇತ್ತು. ಹಳ್ಳದಾಗ ನಿಂದ್ರು ಅಂದ್ರು, ನಿಂತೆ. ತಪ್ಪ ನಿಂದ ಅಂದ್ರು, ಹೂಂ ಅಂದೆ. ಮಳಿ ಬಂದ್ರ ಒಡೀತಿತ್ರಿ, ನಾ ಅದನ್ನ ಮುಚ್ಚಕೊಂಡು ಬಂದೆ. ನಿಮ್ಮಂಥವ್ರ ಮುಂದ ಹೊಲಸ ಇರಬಾರದು ಅಂತ ಮುಚ್ಚಿದ್ದೆ. ಇಲ್ಲದ ಕಾಲ ಈಗೂ ಸೆಳಿತೈತ್ರಿ. ಬೆರಳ ಸೈತ ಸೆಳಿತಾವ. ನನ್ನ ಹೇಣ್ತಿ ಗಾದಿ ಹೊತ್ತು ಹೊತ್ತು ಸಾಯಾಕತ್ತಾಳ."

ಒಂದೊಂದೇ ಮಾತನ್ನು ನಾನು ಹಿಂದೂಸ್ತಾನಿಗೆ ತಿರುಗಿಸಿ ಹೇಳಿದೆ. ನೆಟ್ಟಗೆ ನಿಂತು, ವರದಿ ಒಪ್ಪಿಸುವಂತೆ. ಬಿಟ್ಟದ್ದು ಇಲ್ಲ, ಸೇರಿಸಿದ್ದು ಇಲ್ಲ.

ಡಾಕ್ಟರು ಕೊನೆಯತನಕ ಕೇಳಿದರು. ಹಳೆಯ ಬೋರ್ಡಿನ ಕಾಗದ ತೆಗೆದು ಓದಿದರು, ತಿರುಗಿ ಓದಿದರು. ಕನ್ನಡಕ ತೆಗೆದರು.

"ಹವಾಲ್ದಾರ," ಎಂದರು ನನಗೆ, "ಆ ದಿನ ಕಾಲು ಮಾಯ್ದಿತ್ತು ಎಂದು ಇಲ್ಲಿದೆ. ತೊಂದರೆ ಇಲ್ಲ ಎಂದು ಇವನೇ ಹೇಳಿದ್ದಾನೆ. ಮಾಯ್ದ ಕಾಲಿಗೆ ಆಮೇಲೆ ಊರಿನಲ್ಲಿ ರೋಗ ತಗುಲಿತು, ಊರಿನ ಆಸ್ಪತ್ರೆಯಲ್ಲಿ ತೆಗೆದರು. ಕಾಗದದ ಪ್ರಕಾರ ಸೈನ್ಯಕ್ಕೂ ಈ ಕಾಲಿಗೂ ಸಂಬಂಧವಿಲ್ಲ. ನಾನು ಇವತ್ತು ಕಂಡದ್ದನ್ನು ಬರೆಯಬಲ್ಲೆ. ಆವತ್ತು ಕಂಡದ್ದನ್ನು ಅಳಿಸಲು ನನಗೆ ಅಧಿಕಾರವಿಲ್ಲ."

"ಸಾಬ್, ನಾನು ಸಾಕ್ಷಿ ಇದ್ದೇನೆ," ಎಂದೆ. "ಡೇರೆಯ ಆಸ್ಪತ್ರೆಗೆ ಹೊತ್ತವನು ನಾನು."

"ನಂಬುತ್ತೇನೆ," ಎಂದರು. ನಂಬಿದ್ದರೆಂದೇ ನನಗೂ ಅನಿಸುತ್ತದೆ. ಅವರು ಬರೆದರು ಕೂಡ, ತಮ್ಮ ಕೈಲಾದಷ್ಟು. ಅದರಿಂದ ಏನೂ ಆಗಲಿಲ್ಲ.

ಹೊರಗೆ ಬಂದೆವು. ಅವನ ಹೆಂಡತಿ ನಮ್ಮ ಮುಖ ನೋಡಿದಳು. ತಂದ ರೊಟ್ಟಿಯ ಗಂಟು ಬಿಚ್ಚದೆ ಹಾಗೇ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು. ಬಸ್ ನಿಲ್ದಾಣದಲ್ಲಿ ಟಿಕೋಟಾದ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತೆವು. ಅವನು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎಡಗಾಲಿನ ಬೂಟನ್ನೇ ನೋಡುತ್ತಿದ್ದ. ಅದಕ್ಕೆ ಪಾಲಿಶ್ ಇತ್ತು.

"ಹವಾಲ್ದಾರ ಸಾಬ್."

"ಹೇಳ."

"ಅವತ್ತ ಕಾಲ ಚೊಲೋ ಇತ್ತಲ್ರಿ?"

"ಇತ್ತು."

"ಹೊಲಸ ಇರಲಿಲ್ಲಲ್ಲ?"

"ಇರಲಿಲ್ಲ. ಪಲ್ಟಣದಾಗ ಅಂಥಾ ಕಾಲ ನಾ ನೋಡಿಲ್ಲ."

ಅವನು ಗೋಣು ಹಾಕಿದ. ಹೆಂಡತಿ ಆ ಕಡೆ ಮುಖ ಮಾಡಿ ಕೂತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಬಸ್ಸು ಬಂತು. ಅವಳು ಮೊದಲು ಹತ್ತಿ, ಊರುಗೋಲು ಇಸಿದುಕೊಂಡು ಸೀಟಿನ ಕೆಳಗೆ ಹಾಕಿ, ಆಮೇಲೆ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ನಾನು ಕೆಳಗಿನಿಂದ ಎತ್ತಿ ಕೊಟ್ಟೆ.